ಮೋತಿಲಾಲನ ಸ್ಪೇನ್ ತಯಾರಿ

ಸ್ಪೇನಿನಿಂದ ಕರೆ ಬಂದದ್ದು ಸೋನಿಬಾಯಿಗೆ. ಹೊರಟು ನಿಂತದ್ದು ಅವಳ ಗಂಡ ಮೋತಿಲಾಲ. ರಗಳೆ ಶುರುವಾದದ್ದೇ ಅಲ್ಲಿಂದ.

ಬೋಗಮಾಳೋ ಕಡಲ ದಂಡೆಯಲ್ಲಿ ಸೋನಿಬಾಯಿ ಕನ್ನಡಿ ಕಸೂತಿಯ ಚೀಲ ಮಾರುತ್ತಿದ್ದಳು. ಹೋದ ಚಳಿಗಾಲದಲ್ಲಿ ಇನೆಸ್ ಎಂಬ ಸ್ಪೇನಿನ ಹೆಂಗಸು ಅವಳ ಪಕ್ಕ ಮರಳಿನಲ್ಲೇ ಕೂತು ಹೊಲಿಗೆ ಕಲಿತು ಹೋಗಿದ್ದಳು. ಈಗ ಅವರೂರಲ್ಲಿ ಕರಕುಶಲ ಮೇಳ. ಸೋನಿಬಾಯಿ ಬರಬೇಕು, ಜೊತೆಗೆ ಒಬ್ಬರನ್ನು ಕರೆತರಬಹುದು, ಖರ್ಚೆಲ್ಲ ಮೇಳದವರದೇ. ಆ ಇನ್ನೊಬ್ಬರ ಹೆಸರನ್ನು ಇವತ್ತು ಸಂಜೆ ಫೋನಿನಲ್ಲಿ ಕೇಳಿಕೊಂಡು ಆಮಂತ್ರಣ ಪತ್ರ ಕಳಿಸುತ್ತಾರಂತೆ. ಪತ್ರದಲ್ಲಿ ಹೆಸರಿಲ್ಲದಿದ್ದರೆ ವೀಸಾ ಇಲ್ಲ.

"ಹೆಸರು ಬ್ಯಾರೆ ಯಾರದಿರತೈತಿ? ನಂದ!" ಎಂದ ಮೋತಿಲಾಲ. "ಫೋನು ನನಗ ಬರತೈತಿ, ನಾನ ಮಾತಾಡ್ತೇನಿ. ಅಲ್ಲಿ ವ್ಯಾಪಾರಾನೂ ನಾನ ನೋಡ್ಕೋತೇನಿ. ನೀ ಸುಮ್ನ ಮೂಲ್ಯಾಗ ಕುಂತು ಹೊಲಿ."

ಸೋನಿಬಾಯಿ ಸೂಜಿಗೆ ದಾರ ಪೋಣಿಸಿದಳು.

ಝುವಾರಿನಗರದ ಅವರ ಓಣಿಯಲ್ಲಿ ಸ್ಪೇನ್ ಕಂಡವನೆಂದರೆ ಅಬ್ದುಲಗನಿ ಒಬ್ಬನೇ. ಹಿಂದೆ ಹಡಗಿನಲ್ಲಿ ಅಡುಗೆಯವನಾಗಿದ್ದ. ಹಡಗು ಬಾರ್ಸಿಲೋನಾದಲ್ಲಿ ಎರಡು ದಿನ ನಿಂತಿತ್ತು. ಆ ಎರಡು ದಿನದ ಪಾಂಡಿತ್ಯವನ್ನು ಅವನು ಇಪ್ಪತ್ತು ವರ್ಷದಿಂದ ಓಣಿಗೆ ಹಂಚುತ್ತಲೇ ಇದ್ದ.

"ನೋಡಪಾ ಮೋತಿಲಾಲ," ಅಂದ ಚಹಾ ಹೀರುತ್ತ. "ಅಲ್ಲಿ ಮಧ್ಯಾಹ್ನದ ಊಟ ಮೂರಕ್ಕ, ರಾತ್ರಿ ಊಟ ಹತ್ತಕ್ಕ. ಹೊಟ್ಟಿಗೆ ಈಗಿಂದಾನ ರೂಢಿ ಮಾಡಸು. ಮತ್ತ ಭೆಟ್ಟಿ ಆದ ಕೂಡ್ಲೆ ಗಂಡು, ಹೆಣ್ಣು ಅನ್ನೋದಿಲ್ಲ, ಈ ಕಡೆ ಒಮ್ಮೆ ಆ ಕಡೆ ಒಮ್ಮೆ ಗಲ್ಲಕ್ಕ ಗಲ್ಲ ಹಚ್ಚತಾರ."

"ಹೆಣ್ಮಕ್ಕಳೂನೂ?"

"ಅವರ ಮೊದಲ!"

ಮೋತಿಲಾಲನಿಗೆ ಈ ಪದ್ಧತಿ ಭಾಳ ಚಲೋ ಅನ್ನಿಸಿತು. ಮನೆಗೆ ಹೋದವನೇ ಬಾಗಿಲ ಚೌಕಟ್ಟಿಗೆ ಎರಡೂ ಗಲ್ಲ ಹಚ್ಚಿ ಅಭ್ಯಾಸಕ್ಕೆ ಇಳಿದ. ಒಲೆಯ ಮುಂದೆ ಕೂತಿದ್ದ ಸೋನಿಬಾಯಿ ಅದನ್ನೂ ನೋಡಿದಳು. ಹನ್ನೆರಡಕ್ಕೆ ಬಡಿಸಿದ ರೊಟ್ಟಿಯನ್ನು ಅವನು ದೂಡಿದ. "ಮೂರಕ್ಕ ಬಿಸಿಬಿಸಿ ಮಾಡು. ರಾತ್ರಿ ಹತ್ತಕ್ಕ ಮತ್ತ ಮಾಡು." ಎರಡಾಗುವಷ್ಟರಲ್ಲಿ ಹಸಿವಿಗೆ ಕಣ್ಣಿಗೆ ಕತ್ತಲೆ ಬಂದು, ನೀರಿನ ಕೊಡಕ್ಕೆ ಒರಗಿ, ಕೊಡದ ಸಮೇತ ಉರುಳಿದ. ನೆಲ ಒರೆಸಿದವಳು ಸೋನಿಬಾಯಿಯೇ.

ಮೂರಕ್ಕೆ ಉಂಡು ಮೇಲೆದ್ದರೆ ಬಾಗಿಲಲ್ಲಿ ಅಬ್ದುಲಗನಿ ನಿಂತಿದ್ದ. "ಮುಖ್ಯ ಮಾತ ಮರ್ತಿದ್ದೆ ನೋಡು! ಅಲ್ಲಿ ಖಿಸೆಗಳ್ಳರು ಭಾಳ. ನಿನ್ನ ಕಣ್ಣಾಗ ಕಣ್ಣಿಟ್ಟು ನಗತಾರ, ಕೈಯಿಲೆ ಖಿಸೆ ಖಾಲಿ ಮಾಡ್ತಾರ. ರೊಕ್ಕ, ಫೋನು ಎಲ್ಲಾ ಒಳಗ ಇರಬೇಕು."

ಅಬ್ದುಲಗನಿಯ ಹೆಂಡತಿ ದಸ್ತಗೀರಬಿ ಮನೆಯಲ್ಲೇ ಬಟ್ಟೆ ಹೊಲಿಯುವವಳು. ಮೋತಿಲಾಲನ ಪ್ಯಾಂಟಿನ ಒಳಮೈಗೆ ಒಂದು ಚೀಲ ಕೂಡಿಸಿ, ಫೋನು ಒಳಗಿಟ್ಟು, ಬಾಯಿಗೆ ಎರಡು ಸಲ ಹೊಲಿಗೆ ಹಾಕಿದಳು. "ಕಳ್ಳಂಗ ಅಷ್ಟ ಅಲ್ಲ, ನಿನಗೂ ಸಿಗೂದಿಲ್ಲ ಈಗ," ಎಂದಳು ಹೆಮ್ಮೆಯಿಂದ.

"ಚಾಚಿ, ಸಂಜಿಮುಂದ ಫೋನ್ ಬರೂದೈತ್ರಿ."

"ಆರಕ್ಕಲ್ಲ? ಅಷ್ಟರಾಗ ಬಿಚ್ಚಿದ್ರಾತು. ಮೊದಲ ಗದ್ದಲದಾಗ ಒಂದ ಸಲ ತಿರುಗಿ ಬಾ, ತಡೀತೈತೋ ಇಲ್ಲೋ ನೋಡೂಣು," ಎಂದು ಅಬ್ದುಲಗನಿ ಅವನನ್ನು ವಾಸ್ಕೋ ಬಸ್ಸಿಗೆ ಹತ್ತಿಸಿಯೇಬಿಟ್ಟ.

ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಐದು ಗಂಟೆಗೇ ಫೋನು ಬಡಿದುಕೊಳ್ಳತೊಡಗಿತು. ಮೋತಿಲಾಲ ಸೊಂಟದ ಪಟ್ಟಿಯೊಳಗೆ ಕೈ ತೂರಿಸಿದ. ಹೊಲಿಗೆ ಜಗ್ಗಿದ. ಅತ್ತ ತಿರುಗಿದ, ಇತ್ತ ಬಗ್ಗಿದ. ಮುಂದೆ ನಿಂತ ಮೀನಿನ ಬುಟ್ಟಿಯ ಹೆಂಗಸು ಹಿಂತಿರುಗಿ ನೋಡಿ ಚಿಟ್ಟನೆ ಚೀರಿದಳು. "ಬಾಯಿ, ಫೋನ್ ರೀ! ಸ್ಪೇನಿನ ಫೋನ್!" ಎಂದು ಅವನು ಕೂಗುವಷ್ಟರಲ್ಲಿ ಅಪರಿಚಿತ ಕೈಗಳು ಅವನನ್ನು ದಾರಿಯಲ್ಲೇ ಇಳಿಸಿದ್ದವು. ಪುಣ್ಯಕ್ಕೆ ಹೊಡೆತ ಎರಡೇ ಬಿದ್ದವು.

ಓಡುತ್ತ ಓಣಿಗೆ ಬಂದರೆ ಮನೆ ಮುಂದೆ ಜನ. ನಡುವೆ ಸೋನಿಬಾಯಿ, ಅವಳ ಪಕ್ಕದಲ್ಲಿ ದಂಡೆಯ ಮೇಲೆ ಅವಳ ಜೊತೆಗೇ ಚೀಲ ಮಾರುವ ಚಂದ್ರಿಬಾಯಿ.

"ನೀವು ಫೋನ್ ಎತ್ತಲಿಲ್ಲಂತ. ನನಗ ಮಾಡಿದ್ರು," ಎಂದಳು ಸೋನಿಬಾಯಿ.

"ನನ್ನ ಹೆಸರ ಹೇಳಿದೆಲ್ಲ?"

ಸೋನಿಬಾಯಿ ಸೆರಗನ್ನು ಹಣೆಯವರೆಗೆ ಎಳೆದುಕೊಂಡಳು. "ಹೆಂಗ ಹೇಳ್ಲಿ? ಗಂಡನ ಹೆಸರು ಬಾಯಿಲೆ ಅಂದ್ರ ಗಂಡನ ಆಯುಷ್ಯ ಕಡಿಮಿ ಆಕ್ಕೈತಿ. ಇಷ್ಟು ವರ್ಷದಾಗ ಒಂದಿನ ಅಂದೇನೇನು? ನೀ ಹೇಳವಾ ಅಂತ ಫೋನು ಚಂದ್ರಿಬಾಯಿ ಕೈಯಾಗ ಕೊಟ್ಟೆ."

"ಹೆಸರ ಹೇಳು ಅಂದ್ರು, ನಂದ ಹೇಳಿದೆ," ಎಂದಳು ಚಂದ್ರಿಬಾಯಿ ಮುಖ ಸಣ್ಣದು ಮಾಡಿಕೊಂಡು. "ಬರಕೊಂಡೂಬಿಟ್ರು. ಪಾಸ್‌ಪೋರ್ಟ್ ಮಾಡಸಾಕ ಪಣಜಿಗೆ ಹೋಗ್ಬೇಕಂತ."

"ಯಾ ಅಲ್ಲಾ, ಎಂಥಾ ಹೆಣ್ಮಗಳು!" ದಸ್ತಗೀರಬಿಯ ಕಣ್ಣು ತುಂಬಿದವು. "ಸ್ಪೇನ್ ಹೋದ್ರ ಹೋಗ್ಲಿ, ಗಂಡನ ಆಯುಷ್ಯ ಉಳೀಲಿ ಅಂದ್ಲಲ್ಲ! ಪುಣ್ಯಾ ಮಾಡಿದಿ ಮೋತಿಲಾಲ."

ಬೈಯಲು ತೆರೆದ ಬಾಯಿ ಮೋತಿಲಾಲನಿಗೆ ಅಲ್ಲೇ ಮುಚ್ಚಿಹೋಯಿತು. ಸಿಟ್ಟಿನ ಜಾಗದಲ್ಲಿ ಹೆಮ್ಮೆ ಬಂದು ಕೂತಿತು. "ಇರ್ಲಿ ಬಿಡು, ನಾನ ಹೇಳ್ತೇನಿ," ಎಂದು ಕತ್ತರಿ ಇಸಿದುಕೊಂಡು, ಮನೆಯ ಹಿಂದೆ ಹೋಗಿ, ಪ್ಯಾಂಟಿನ ಸಮೇತ ಹೊಲಿಗೆ ಕತ್ತರಿಸಿ ಸ್ಪೇನಿಗೆ ಫೋನು ಹಚ್ಚಿದ.

ಇನೆಸಳ ಕಚೇರಿಯಲ್ಲಿ ಹಿಂದಿ ಬಲ್ಲ ಹುಡುಗಿಯೊಬ್ಬಳಿದ್ದಳು. "ಸೋನಿಬಾಯಿಯ ಗಂಡ ಮಾತಾಡ್ತಿದ್ದೇನೆ. ಚಂದ್ರಿಬಾಯಿ ಹೆಸರು ತಪ್ಪಿ ಬಂದಿದೆ, ಅದನ್ನು ತೆಗೆದು ನನ್ನ ಹೆಸರು ಬರೆದುಕೊಳ್ಳಿ. ಮೋತಿಲಾಲ," ಎಂದ ಹಿಂದಿಯಲ್ಲಿ.



"ಓಹೋ, ಮೋತಿಲಾಲ್ ಅಂದರೆ ನೀವೇನಾ?" ಎಂದಳು ಹುಡುಗಿ. "ಕ್ಷಮಿಸಿ, ನಿಮ್ಮ ಹೆಂಡತಿ ಆಗಲೇ ಸ್ಪಷ್ಟವಾಗಿ ಹೇಳಿದ್ದಾರೆ. ಯಾರನ್ನು ಬೇಕಾದರೂ ಬರೆದುಕೊಳ್ಳಿ, ಮೋತಿಲಾಲ ಮಾತ್ರ ಬೇಡ ಅಂತ. ಆಮೇಲೆ ಯಾರೇ ಫೋನು ಮಾಡಿ ಕೇಳಿದರೂ ಮೋತಿಲಾಲನ ಹೆಸರು ಸೇರಿಸಬೇಡಿ ಅಂದರು. ನನಗೆ ತಿಳಿಯಿತೋ ಇಲ್ಲವೋ ಅಂತ ಮತ್ತೊಮ್ಮೆ ಬಿಡಿಸಿ ಹೇಳಿದರು, ಮೋ-ತಿ-ಲಾ-ಲ."

ಮೋತಿಲಾಲ ಹರಿದ ಪ್ಯಾಂಟು ಜಾರದಂತೆ ಕೈಯಲ್ಲಿ ಹಿಡಿದುಕೊಂಡು ಓಣಿಗೆ ಬಂದ. ಎಲ್ಲರ ಕಣ್ಣೂ ಅವನ ಮೇಲೆ.

"ಏನಂದ್ರಪಾ?" ಎಂದ ಅಬ್ದುಲಗನಿ.

ಮೋತಿಲಾಲ ಹೆಂಡತಿಯ ಮುಖ ನೋಡಿದ. ಸೆರಗಿನ ಕೆಳಗೆ ಅದು ದೇವರ ಮುಂದೆ ನಿಂತಷ್ಟು ಶಾಂತವಾಗಿತ್ತು. ಖರೇ ಹೇಳಿದರೆ ನಾಳೆ ಓಣಿಯಲ್ಲಿ ತಲೆಯೆತ್ತುವಂತಿಲ್ಲ.

"ಹೆಂಗಸರನ್ನಷ್ಟ ಕರೀತಾರಂತ್ರಿ," ಎಂದ. "ಇರ್ಲಿ ಬಿಡ್ರಿ. ನಮ್ಮಾಕಿ ನನ್ನ ಹೆಸರಿಗೆ ಭಾಳ ಮರ್ಯಾದಿ ಕೊಡ್ತಾಳ."

"ಕೊಡಬೇಕಲ್ರಿ," ಎಂದಳು ಸೋನಿಬಾಯಿ ಮೆಲ್ಲಗೆ. "ನಿಮ್ಮ ಆಯುಷ್ಯ ಗಟ್ಟಿ ಇರ್ಬೇಕು. ನಾವಿಬ್ರೂ ಹ್ವಾದಮ್ಯಾಲ ದಂಡಿಮ್ಯಾಲ ಎರಡೂ ಅಂಗಡಿ ನೋಡಾಕ ಮತ್ಯಾರದಾರ?"