ಬೀಗರ ತಟ್ಟೆಯ ಕೆಂಪು ಗೋಬಿ

ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ಸರಕಾರ ನಿಷೇಧಿಸಿದಾಗ ಇಡೀ ಚಿತ್ತಾಪುರದಲ್ಲಿ ಕುಣಿದಾಡಿದವನು ನಾನೊಬ್ಬನೇ. ಹೈಸ್ಕೂಲಿನ ವಿಜ್ಞಾನ ಮಾಸ್ತರ ನಾನು. ಸರಕಾರ ನನ್ನನ್ನು ಕೇಳಿಯೇ ಕಾನೂನು ಮಾಡಿದೆ ಎಂಬ ಠೀವಿ! ಗೋಬಿಯನ್ನು ನೀರಿಗೆ ಹಾಕಿ, ಬಣ್ಣ ಬಿಡುತ್ತದೆಯೇ ಎಂದು ನೋಡುವ ಪರೀಕ್ಷೆಯ ವಿಡಿಯೊ ಮಾಡಿ ಕಂಡಕಂಡವರಿಗೆಲ್ಲ ಕಳಿಸಿದೆ. ಬೀಗರಾಗಲಿದ್ದ ಸುಲೇಪೇಟದವರಿಗೂ ಕಳಿಸಿದೆ.

ಮಗಳ ನಿಶ್ಚಯದ ದಿನ ಅಡುಗೆಯವನಿಂದ ಬಣ್ಣದ ಪುಡಿ ಕಸಿದು ಮೋರಿಗೆ ಸುರಿದೆ. ಗೋಬಿ ಬಿಳಿಚಿಕೊಂಡು ಹೊರಬಂತು. ಹೆಂಡತಿ ಹಣೆ ಬಡಿದುಕೊಂಡಳು.

“ಏನ್ರೀ ಇದು! ಹುಡುಗನ ಕಡಿ ಸಣ್ಣ ಮಕ್ಕಳು ಗೋಬಿ ಕೆಂಪಗ ಇರ್ಬೇಕಂತ ಮೊದಲೇ ಹೇಳ್ಯಾರ. ಇದನ್ನ ನೋಡಿದ್ರ ಜಡ್ಡಾದವರ ಊಟ ಅಂತಾರ. ಮಗಳ ನಸೀಬ ಕೆಡಸ್ತೀರಿ ನೀವು!”

“ಹೆದರಬ್ಯಾಡ. ವಿಜ್ಞಾನ ಅದ,” ಎಂದೆ.

ವಿಜ್ಞಾನ ಎಂದರೆ ಬೀಟ್‌ರೂಟ್. ಒಂದು ಬುಟ್ಟಿ ತರಿಸಿ, ರಸ ಹಿಂಡಿ, ಕೈಯಾರೆ ಮಸಾಲೆಗೆ ಸುರಿದೆ. ಸಾಲದೆನಿಸಿತು. ಇನ್ನಷ್ಟು ಸುರಿದೆ. ಗೋಬಿ ಹೋಳಿ ಆಡಿ ಬಂದಂತೆ ಕಂಗೊಳಿಸಿತು!

ಬೀಗರು ಕುಳಿತರು. ತಟ್ಟೆ ನೋಡಿದರು. ನನ್ನ ಮುಖ ನೋಡಿದರು. ಆಮೇಲೆ ಒಂದು ತುಂಡನ್ನು ನೀರಿನ ಗ್ಲಾಸಿಗೆ ಹಾಕಿದರು. ಅಯ್ಯೋ ಶಿವನೇ, ನನ್ನದೇ ಪರೀಕ್ಷೆ! ನೀರು ಕೆಂಪಾಯಿತು.

“ಮಾಸ್ತರ್ರೇ, ಊರಿಗೆಲ್ಲ ಬುದ್ಧಿ ಹೇಳಿ ನಮಗ ವಿಷ ಉಣಸ್ಲಿಕತ್ತೀರೇನ್ರಿ? ಏಳ್ರಿ ಎಲ್ಲಾರೂ. ಈ ಸಂಬಂಧ ಬ್ಯಾಡ!”

“ಅದು ಬೀಟ್‌ರೂಟ್ ರೀ!” ಎಂದೆ.

“ಸಿಕ್ಕಿಬಿದ್ದವರು ಮೊದಲು ಬೀಟ್‌ರೂಟ್ ಅಂತಾರ, ನಂಬಬ್ಯಾಡ್ರಿ ಅಂತ ವಿಡಿಯೊದಾಗ ನೀವೇ ಹೇಳೀರಿ!”

ಹೌದು, ಹೇಳಿದ್ದೆ!

ಮಗಳ ಕಣ್ಣಲ್ಲಿ ನೀರು. ಆಗ ಹೆಂಡತಿ ಹಿತ್ತಲಿನಿಂದ ಬೀಟ್‌ರೂಟ್ ಸಿಪ್ಪೆ ಬಾಚಿ ತಂದು ಬೀಗರ ಮುಂದೆ ಸುರಿದಳು.

“ನೋಡ್ರಿ ಅಣ್ಣಾರ. ಮೋಸ ಮಾಡ್ಲಿಕ್ಕೂ ಬುದ್ಧಿ ಬೇಕ್ರಿ. ಇವರಿಗಿ ಅದೆಲ್ಲಿ ಅದ? ಕುಂದ್ರಿ, ಉಣ್ರಿ.”

ಬೀಗರು ಸಿಪ್ಪೆ ಮೂಸಿದರು, ನಕ್ಕರು, ಕುಳಿತರು. ಇಷ್ಟು ವರ್ಷದ ನೌಕರಿಯಲ್ಲಿ ಇಂಥ ಉತ್ತಮ ನಡತೆಯ ಸರ್ಟಿಫಿಕೇಟು ನನಗೆ ಯಾರೂ ಕೊಟ್ಟಿರಲಿಲ್ಲ.

ಮರುದಿನ ಬೆಳಗ್ಗೆ ಬೀಗರ ಫೋನು.

“ಮಾಸ್ತರ್ರೇ, ಮೂತ್ರಾ ಕೆಂಪಗ ಬರ್ಲಿಕತ್ತದ!”

“ಅದೂ ಬೀಟ್‌ರೂಟೇ ರೀ...”

ನಂಬದೆ ಡಾಕ್ಟರ ಬಳಿ ಓಡಿದರು. ಡಾಕ್ಟರು ಹೊಟ್ಟೆ ಹಿಡಿದುಕೊಂಡು ನಕ್ಕು ಕಳಿಸಿದರಂತೆ.

ಮದುವೆ ಗಟ್ಟಿಯಾಯಿತು. ಬೀಗರದು ಒಂದೇ ಷರತ್ತು: ಮದುವೆಯ ಅಡುಗೆಮನೆಗೆ ನಾನು ಕಾಲಿಡಕೂಡದು. ನಾನು ಬಾಯಿ ತೆರೆಯುವ ಮೊದಲೇ ಹೆಂಡತಿ ಒಪ್ಪಿಬಿಟ್ಟಳು. ಅಡುಗೆಯವನು ಆಗಲೇ ಹೊಸ ಬಣ್ಣದ ಪುಡಿ ತಂದಿಟ್ಟಿದ್ದಾನೆ. ಬಣ್ಣದ ಮೇಲಿನ ನಿಷೇಧವನ್ನು ಕೇಳುವವರಿಲ್ಲ. ನನ್ನ ಮೇಲಿನ ನಿಷೇಧವನ್ನು ಮಾತ್ರ ಎಲ್ಲರೂ ಚಾಚೂತಪ್ಪದೆ ಪಾಲಿಸುತ್ತಿದ್ದಾರೆ!