ಸ್ಕ್ರೂಡ್ರೈವರ್ ಕಚ್ಚಿದವರು

ನನ್ನ ನೆನಪಿನ ಮೇಲೆ ನನಗೆ ಅಷ್ಟಾಗಿ ನಂಬಿಕೆಯಿಲ್ಲ. ಹಳೆಯದನ್ನು ನೆನೆಸಿಕೊಂಡಾಗಲೆಲ್ಲ ಅದರಲ್ಲಿ ನಾನು ಸ್ವಲ್ಪ ಎತ್ತರವಾಗಿ, ಸ್ವಲ್ಪ ಧೈರ್ಯವಂತನಾಗಿ ಕಾಣಿಸುತ್ತೇನೆ. ನಮ್ಮ ಮದುವೆಯ ದಿನ ಅಡುಗೆಯವರ ಜಗಳ ಬಿಡಿಸಿದವನು ನಾನೇ ಎಂದು ವರ್ಷಗಟ್ಟಲೆ ಹೇಳಿಕೊಂಡು ಬಂದಿದ್ದೆ. ಆ ಹೊತ್ತಿನಲ್ಲಿ ನಾನು ಹೊರಗೆ ಚಪ್ಪಲಿ ಹುಡುಕುತ್ತಿದ್ದೆನೆಂದು ಹೆಂಡತಿ ಒಂದು ದಿನ ಸಾಕ್ಷಿ ಸಮೇತ ತೋರಿಸಿಕೊಟ್ಟಳು. ಅಂದಿನಿಂದ ಡೈರಿ ಹಿಡಿದೆ. ಆಯಾ ದಿನದ್ದನ್ನು ಆಯಾ ದಿನವೇ ಬರೆದಿಟ್ಟರೆ ಸುಳ್ಳು ಹೊಕ್ಕಲು ಸಮಯವೇ ಇರುವುದಿಲ್ಲ ಎಂದುಕೊಂಡಿದ್ದೆ. ಸುಳ್ಳಿಗೆ ಅಷ್ಟೆಲ್ಲ ಸಮಯ ಬೇಡ ಎಂದು ಕಲಿಸಿದ್ದು ವಿಠ್ಠಲ ಭಾವನ ಟ್ರಕ್ಕು.

ವಿಠ್ಠಲ ಭಾವ ನನ್ನ ಹೆಂಡತಿಯ ಅಣ್ಣ. ನಾನೂ ಅವರನ್ನು ಭಾವ ಎನ್ನುತ್ತೇನೆ, ಅವರೂ ನನ್ನನ್ನು ಭಾವ ಎನ್ನುತ್ತಾರೆ. ಕಾರವಾರದ ಐಸ್ ಪ್ಲಾಂಟಿನಿಂದ ಅಂಕೋಲೆಯ ಕಡಲ ಬದಿಗೆ, ಮೀನುಗಾರರಿಗೆ ಐಸ್ ಸಾಗಿಸುವುದು ಅವರ ಕೆಲಸ. ಸುತ್ತಲಿನ ಟ್ರಕ್ಕುಗಳೆಲ್ಲ ಡೀಸೆಲ್ಲಿನವಾಗಿ ಎಷ್ಟೋ ಕಾಲವಾಗಿದ್ದರೂ ಇವರದು ಅವರ ಅಪ್ಪ ಹರಾಜಿನಲ್ಲಿ ಹಿಡಿದು ತಂದ ಪೆಟ್ರೋಲ್ ಟ್ರಕ್ಕು. ಇಂಥ ಇಂಜಿನ್ನಿನೊಳಗೆ ಕಿಡಿ ಹಾರುವುದಕ್ಕೆ ಒಂದು ಮುಹೂರ್ತವಿದೆ. ಬೇಗ ಹಾರಿದರೆ ಡಬ್ಬಿಯಲ್ಲಿ ಕಲ್ಲು ಅಲುಗಿಸಿದಂತೆ ಕುಟ್ಟುತ್ತದೆ. ತಡವಾದರೆ ಎಳೆಯಲಾರದೆ ಬಿಸಿಯಾಗಿ ಮುನಿಸಿಕೊಳ್ಳುತ್ತದೆ. ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಒಂದು ಬೋಲ್ಟು ಸಡಿಲಿಸಿ, ಅದನ್ನು ಕೂದಲೆಳೆಯಷ್ಟು ಆಚೀಚೆ ತಿರುಗಿಸಿ, ಸದ್ದು ಕೇಳಿ, ಮತ್ತೆ ಬಿಗಿದರಾಯಿತು. ಮಳೆಗಾಲ ಮುಗಿದು ದೋಣಿಗಳು ಇಳಿಯುವ ಹೊತ್ತಿಗೆ ಪ್ರತಿವರ್ಷ ಇದನ್ನು ಮಾಡುತ್ತಿದ್ದವನು ಹಮ್ಮಣ್ಣ. ಅಂಕೋಲೆ ಬದಿಯ ಶೆಟಗೇರಿಯವನು, ಕಾರವಾರದ ಕೋಡಿಬಾಗದಲ್ಲಿ ಒಂದು ತಗಡಿನ ಶೆಡ್ಡು ಹಾಕಿಕೊಂಡಿದ್ದ. ಅವನ ಕೈಗೆ ಬರುವ ಗಾಡಿಗಳಲ್ಲಿ ಉಳಿದದ್ದು ಎರಡು ಮುದಿ ಜೀಪು ಮತ್ತು ಈ ಟ್ರಕ್ಕು.

ಆ ವರ್ಷ ಭಾವ ಮನೆಗೆ ಬಂದವರು ಚಹಾ ಮುಟ್ಟುವ ಮೊದಲೇ ಶುರುಮಾಡಿದರು. "ಹೋದ ವರ್ಷ ಪೂರಾ ಬಿಣಗಾ ಘಾಟ್‌ನಲ್ಲಿ ಕುಟ್ಟಿಸ್ಕಂಡೇ ಹೋದೆ ಭಾವ. ಹಮ್ಮಣ್ಣಂಗೆ ಕಿವಿ ಹೋಗ್ಯದೆ, ಹೇಳೂದಿಲ್ಲ ಅಷ್ಟೇ. ಈ ಸಲವೂ ಹಾಂಗೇ ಆದ್ರೆ ಅವನ ಶೆಡ್ಡಿಗೆ ಕಾಲಿಡೂದಿಲ್ಲ. ನೀವು ಸಾಯನ್ಸ್ ಮಾಸ್ತರು ಅಲ್ರಾ, ಒಂದ್ಸಲ ಬಂದು ನೋಡಿ."

ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವನಿಗೆ ಊರಿನಲ್ಲಿ ಕೆಟ್ಟ ಫ್ಯಾನು ಬಿಟ್ಟು ಬೇರೇನನ್ನೂ ಯಾರೂ ತೋರಿಸುವುದಿಲ್ಲ. ನನಗೆ ಹಿಗ್ಗಾಯಿತು. ಕೈಗಾದಲ್ಲಿ ಕೆಲಸಕ್ಕಿದ್ದ ಗೆಳೆಯನೊಬ್ಬನಿಂದ ಟೈಮಿಂಗ್ ಲೈಟು ತಂದೆ. ಕಿಡಿ ಹಾರಿದಾಗಲೆಲ್ಲ ಅದು ಮಿಂಚುತ್ತದೆ. ಆ ಬೆಳಕಿನಲ್ಲಿ, ಇಂಜಿನ್ನಿನ ಮುಂದೆ ಗಿರಗಿರ ತಿರುಗುವ ಪುಲ್ಲಿ ಚಕ್ರದ ಮೇಲೆ ಕಿಡಿಯ ಹೊತ್ತು ತೋರಿಸುವ ಗುರುತು ನಿಂತಂತೆಯೇ ಕಾಣುತ್ತದೆ. ಹಮ್ಮಣ್ಣ ಅದನ್ನು ನೋಡಿ, "ಮದುವೆಮನೆ ಫೋಟೋದವರ ಲೈಟು ಇದ್ದಾಂಗೆ ಅದೆ ಮಾಸ್ತರ್ರೆ" ಎಂದ. ನಾನು ಗುರುತಿಗೆ ಬಿಳಿ ಬಣ್ಣ ಹಚ್ಚಿ, ಇಂಜಿನ್ನು ಚಾಲೂ ಮಾಡಿಸಿ, ಲೈಟು ಹಿಡಿದು, ಟ್ರಕ್ಕಿನ ಪುಸ್ತಕದಲ್ಲಿ ಹೇಳಿದಷ್ಟಕ್ಕೆ ತಂದು ನಿಲ್ಲಿಸಿದೆ. "ಪುಸ್ತಕದ ಪ್ರಕಾರ ಇದೇ ಸರಿ, ಹೌದಲ್ಲ?" ಎಂದು ಕೇಳಿದೆ. ಹಮ್ಮಣ್ಣ ತಲೆಯಾಡಿಸಿದ. ಅಷ್ಟು ಹೊತ್ತೂ ಅವನು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಊರಿ, ಅದರ ಮರದ ಹಿಡಿಕೆಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಬಗ್ಗಿ ನಿಂತಿದ್ದ. ಆಮೇಲೆ ಪ್ಲಾಂಟಿನಲ್ಲಿ ಟ್ರಕ್ಕಿಗೆ ಐಸ್ ತುಂಬುವಾಗ ನಾನು ಪಕ್ಕದ ಹೋಟೆಲಿನಲ್ಲಿ ಕೂತು ಡೈರಿಗೆ ಇಳಿಸಿದ ವಾಕ್ಯ ಈಗಲೂ ಇದೆ: "ಹಮ್ಮಣ್ಣ ಬೆರಗಿನಿಂದ ಸ್ಕ್ರೂಡ್ರೈವರ್ ಕಚ್ಚಿ ನೋಡುತ್ತ ನಿಂತ. ಕೊನೆಗೆ ಒಪ್ಪಿದ."

ಊರಿಗೆ ಹೋಗುವುದಿದೆ ಎಂದು ಹಮ್ಮಣ್ಣನೂ ನಮ್ಮ ಜೊತೆ ಹತ್ತಿದ. ಬಿಣಗಾ ಘಾಟ್ ಏರುತ್ತಿದ್ದಂತೆ ಟ್ರಕ್ಕು ಕುಟ್ಟಲಿಲ್ಲ ನಿಜ. ಕುಟ್ಟುವಷ್ಟು ಉಸಿರೂ ಅದರಲ್ಲಿ ಇರಲಿಲ್ಲ. ನಮ್ಮನ್ನು ಒಂದು ಸೈಕಲ್ಲು ಹಿಂದೆ ಹಾಕಿತು. ಸವಾರ ಅದನ್ನು ತಳ್ಳಿಕೊಂಡು ನಡೆಯುತ್ತಿದ್ದ. ಅರ್ಧ ಏರಿನಲ್ಲಿ ರೇಡಿಯೇಟರ್ ಕುದಿದು ಹಬೆಯಾಡಿತು. ಹಿಂದೆ ಐಸ್ ಕರಗಿ ರಸ್ತೆಯ ಮೇಲೆ ಗೆರೆ ಎಳೆಯುತ್ತಿತ್ತು. ನಿಲ್ಲಿಸಿದರೆ ಮತ್ತೆ ಚಾಲೂ ಆಗದೆಂದು ಹೆದರಿ ಭಾವ ಇಂಜಿನ್ನನ್ನು ಹಾಗೇ ಬಿಟ್ಟು, ಹೊಸದಾಗಿ ಕೊಂಡ ಮೊಬೈಲಿನಲ್ಲಿ "ಬರ್ತಾ ಅದೆ, ಬರ್ತಾ ಅದೆ" ಎಂದು ದೋಣಿಯವರಿಗೆ ಸಮಾಧಾನ ಹೇಳುತ್ತ, ಕ್ಯಾನು ಹಿಡಿದು ನೀರು ತರಲು ಇಳಿದು ಹೋದರು.

ಅವರ ಬೆನ್ನು ಮರೆಯಾದದ್ದೇ ಹಮ್ಮಣ್ಣ ಬಾನೆಟ್ ಎತ್ತಿದ. ಸ್ಕ್ರೂಡ್ರೈವರ್ ಕಚ್ಚಿದ, ಬೋಲ್ಟು ಸಡಿಲಿಸಿದ, ಅಂಗೈಯಲ್ಲಿ ಡಿಸ್ಟ್ರಿಬ್ಯೂಟರನ್ನು ಮಗುವಿನ ತಲೆ ಹಿಡಿದಂತೆ ಹಿಡಿದು ತುಸು ತಿರುಗಿಸಿದ. ಆಮೇಲೆ ಹಿಡಿಕೆಯನ್ನು ಅಂಗಿಯ ತುದಿಯಿಂದ ಒರೆಸಿ ನನ್ನೆಡೆಗೆ ಚಾಚಿದ.

"ಕಚ್ಚಿ."

ಕಚ್ಚಿದೆ. ಇಡೀ ಇಂಜಿನ್ನು ನನ್ನ ತಲೆಬುರುಡೆಯೊಳಗೆ ಬಂದು ಕೂತಿತು. ಎಲುಬು ಸದ್ದನ್ನು ಸಾಗಿಸುತ್ತದೆಂದು ಪ್ರತಿವರ್ಷ ಮಕ್ಕಳಿಗೆ ಬೋರ್ಡಿನ ಮೇಲೆ ಚಿತ್ರ ಬರೆದು ಹೇಳುವವನು ನಾನು. ಅದು ನನಗೆ ತಾಗಿದ್ದು ಅವತ್ತೇ.

"ಕಿವಿ ಹೋಗಿ ಎರಡು ವರ್ಷ ಆಯ್ತು" ಎಂದ ಹಮ್ಮಣ್ಣ, ನನ್ನ ಮುಖ ನೋಡದೆ. "ಹೋದ ವರ್ಷ ಅದನ್ನೇ ನಂಬಿ ತಪ್ಪು ಮಾಡ್ದೆ. ಈಗ ಹಲ್ಲನ್ನೇ ನಂಬೂದು. ಆ ಪುಲ್ಲಿ ಈ ಇಂಜಿನ್ನಿಂದು ಅಲ್ಲ ಮಾಸ್ತರ್ರೆ. ಹಳೇದು ಒಡೆದಾಗ ಬೇರೆ ಗಾಡಿದು ತಂದು ನಾನೇ ಹಾಕಿದ್ದು. ಅದರ ಗುರುತು ಹಿಡ್ಕಂಡು ಹೋದ್ರೆ ಹೀಂಗೇ."

"ಅಲ್ಲೇ ಯಾಕೆ ಹೇಳಲಿಲ್ಲ?" ಎಂದು ಕೂಗಿದೆ. ಅವನು ತಲೆಯಾಡಿಸಿದ. ಶೆಡ್ಡಿನಲ್ಲಿ ಆಡಿಸಿದ್ದ ಹಾಗೆಯೇ. ಆಗ ತಿಳಿಯಿತು: ಅವನು ನನ್ನ ಮಾತನ್ನು ಒಪ್ಪಿದ್ದಲ್ಲ, ಕೇಳಿಸಿಕೊಂಡೇ ಇರಲಿಲ್ಲ. ಸ್ಪ್ಯಾನರ್ ಕೈಗೆತ್ತಿಕೊಂಡು, "ಕಿವಿ ಸುದ್ದಿ ವಿಠ್ಠಲಂಗೆ ಗೊತ್ತಾದ್ರೆ ಶೆಡ್ಡು ಮುಚ್ಚಿದಾಂಗೇ ಲೆಕ್ಕ, ಅದ್ಕೇ ಅವನೆದುರು ಸುಮ್ನಿದ್ದೆ" ಎಂದ. ಕೈಮುಗಿಯಲಿಲ್ಲ, ಬೇಡಲೂ ಇಲ್ಲ. ಬೋಲ್ಟು ಬಿಗಿದ.

ಭಾವ ಬಂದು ನೀರು ಹೊಯ್ದರು. ಟ್ರಕ್ಕು ಏನೂ ಆಗದ ಹಾಗೆ ಘಾಟ್ ಏರಿತು, ಒಂದು ಕುಟ್ಟೂ ಇಲ್ಲ. ಭಾವ ಸ್ಟೇರಿಂಗಿಗೆ ತಾಳ ಹಾಕಿ, "ನಿಮ್ಮ ಲೈಟಿನ ಕೆಲಸ ಈಗ ಹಿಡೀತು ನೋಡಿ ಭಾವ. ಮುಂದಿನ ವರ್ಷದಿಂದ ನೀವೇ ಮಾಡಿ, ಹಮ್ಮಣ್ಣಂಗೆ ಯಾಕೆ ಸುಮ್ನೆ ತ್ರಾಸು" ಎಂದರು. ನಡುವೆ ಕೂತ ಹಮ್ಮಣ್ಣ ಏನೂ ಕೇಳಿಸದೆ ರಸ್ತೆ ನೋಡುತ್ತಿದ್ದ.

ನನ್ನ ದೀಪ ಸುಳ್ಳು ಹೇಳಿತು, ಸರಿಮಾಡಿದವನು ಹಮ್ಮಣ್ಣ ಎಂದು ಹೇಳಿದೆ. "ಹಾಂಗಾದ್ರೆ ಅವನ ಕಿವಿ ಸರಿ ಅದೆ ಅಂತೀರಾ?" ಎಂದರು ಭಾವ. "ಅವನಿಗೆ ಕೇಳಿದ್ದು ನನಗೆ ಕೇಳಲಿಲ್ಲ" ಎಂದೆ. ಇದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಆಮೇಲಿನ ವರ್ಷಗಳಲ್ಲೂ ಟ್ರಕ್ಕು ಕೋಡಿಬಾಗಕ್ಕೇ ಹೋಯಿತು. ನಾನೂ ಲೈಟು ಹಿಡಿದು ಹೋಗುತ್ತಿದ್ದೆ. ಹಮ್ಮಣ್ಣ ಹಿಡಿಕೆ ಕಚ್ಚುವಾಗ ಭಾವ ಕೇಳುವ ಪ್ರಶ್ನೆಗಳಿಗೆಲ್ಲ ಉತ್ತರ ಕೊಡುವುದು ನನ್ನ ಪಾಲಿನ ಕೆಲಸ.

ಉಳಿದದ್ದು ಒಂದೇ ತಕರಾರು. ಆ ದಿನದ ಡೈರಿಯಲ್ಲಿ "ಭಾವನಿಗೆ ತಕ್ಷಣವೇ ನಿಜ ಹೇಳಿದೆ" ಎಂದಿದೆ. ನೆನಪು ಬೇರೆಯೇ ಹೇಳುತ್ತದೆ: ಘಾಟ್ ಇಳಿದು ಅಮದಳ್ಳಿ ದಾಟಿ ಅಂಕೋಲೆ ಬದಿಯ ಅವರ್ಸಾ ಬರುವವರೆಗೂ ನಾನು ಬಾಯಿ ಬಿಡದೆ, ಭಾವನ ಹೊಗಳಿಕೆಯನ್ನು ಒಂದೊಂದೇ ಗುಟುಕು ಕುಡಿಯುತ್ತ ಕೂತಿದ್ದೆನಂತೆ. ಯಾವಾಗಲೂ ನನ್ನ ಪರವಾಗಿಯೇ ವಾದಿಸುವ ನೆನಪು ಈ ಒಂದು ವಿಷಯದಲ್ಲಿ ನನ್ನ ವಿರುದ್ಧ ನಿಂತಿದೆ. ಹಾಗಾಗಿ ಈ ಸಲ ಅದನ್ನೇ ನಂಬಬೇಕಾಗಿದೆ.