ಕಾಕಾನ ಗಾಲಿ, ಕಾಕೂನ ಗಡಿಗೆ

ನಮ್ಮ ಕಾಕಾ ಒಂದು ಬೇಸಿಗೆ ತಿಂಗಳುಗಟ್ಟಲೆ ಎಡಕ್ಕೆ ತಿರುಗಲೇ ಇಲ್ಲ! ನಂಬುವುದಿಲ್ಲವೇ? ಆಗ ಗೋಕಾಕದಲ್ಲಿದ್ದ ಯಾರನ್ನಾದರೂ ಕೇಳಿ ನೋಡಿ. ಅವರ ಅಂಗಡಿಯಿಂದ ಮನೆಗೆ ಬರಲು ಎಡಕ್ಕೆ ಹೊರಳಿದರೆ ನೂರು ಹೆಜ್ಜೆ. ಕಾಕಾ ಮಾತ್ರ ಬಲಕ್ಕೆ, ಮತ್ತೆ ಬಲಕ್ಕೆ, ಮತ್ತೂ ಬಲಕ್ಕೆ ಹೊರಳಿ, ಅರ್ಧ ಊರಿಗೆ ಪ್ರದಕ್ಷಿಣೆ ಹಾಕಿ ಊಟಕ್ಕೆ ಬರುತ್ತಿದ್ದರು. ಇದು ಭಕ್ತಿಯಲ್ಲ, ಕಾರಿನ ಮಹಿಮೆ.

ಸ್ವಾತಂತ್ರ್ಯ ಬಂದ ಮರುವರ್ಷ ಬೆಳಗಾವಿ ಬಿಟ್ಟು ಹೊರಟಿದ್ದ ಬಿಳಿಯ ಸಾಹೇಬನೊಬ್ಬ ತನ್ನ ಪುಟ್ಟ ಕಾರು ಮಾರಿದ. ಕಾಕಾ ಕೊಂಡರು. ಯಾಕೆ ಅಂದರೆ, ಅವರ ಹೆಂಡತಿ, ನಮ್ಮ ಕಾಕೂನ ತವರು ಹುಕ್ಕೇರಿ ಕಡೆಯ ಘೋಡಗೇರಿ. ಬಾವಿ ಮೆಟ್ಟಿಲ ಮೇಲೆ ಜಾರಿ ಬಿದ್ದಾಗಿನಿಂದ ಅವಳಿಗೆ ಬೆನ್ನು ನೋವು. ಎತ್ತಿನ ಗಾಡಿಯಲ್ಲಿ ಒಮ್ಮೆ ಹೋಗಿ ಬಂದರೆ ಎಂಟು ದಿನ ಹಾಸಿಗೆ. ಹೀಗಾಗಿ ಎರಡು ವರ್ಷದಿಂದ ಅವ್ವನ ಮುಖ ನೋಡಿರಲಿಲ್ಲ. ಕಾಕಾ ಇದನ್ನೆಲ್ಲ ಬಾಯಿಬಿಟ್ಟು ಹೇಳುವ ಪೈಕಿಯೇ? ವ್ಯಾಪಾರಕ್ಕೆ ಬೇಕು ಅಂದರು, ಅಷ್ಟೇ.

ಮೊದಲ ಸಲ ಹೊರಟಾಗ ಕಾಕು ತೊಡೆಯ ಮೇಲೆ ಮಜ್ಜಿಗೆ ಗಡಿಗೆ ಇಟ್ಟುಕೊಂಡಿದ್ದಳು. ತವರಲ್ಲಿ ಎರಡು ಎಮ್ಮೆ ಇದ್ದರೂ ಅವಳ ಅವ್ವನಿಗೆ ಮಗಳು ಕಡೆದ ಮಜ್ಜಿಗೆಯೇ ಆಗಬೇಕು! ಹೋದ ವರ್ಷದ ಮಳೆಯಲ್ಲಿ ಎತ್ತಿನ ಗಾಡಿಗಳು ಎರೆ ಮಣ್ಣಿನಲ್ಲಿ ಕೊರೆದ ಜಾಡು ಬೇಸಿಗೆಗೆ ಒಣಗಿ ಕಲ್ಲಾಗಿತ್ತು. ಸಾಹೇಬನ ಕಾರು ನಮ್ಮ ಗಾಡಿಗಿಂತ ಅಗಲ ಕಡಿಮೆ. ಬಲಗಾಲಿ ದಿಬ್ಬದ ಮೇಲೆ, ಎಡಗಾಲಿ ಜಾಡಿನೊಳಗೆ. ಕಾರು ಎಡಕ್ಕೆ ವಾಲಿತು, ಎಡಕ್ಕೆ ಕೂತವಳು ಕಾಕು. ಮೂರು ಮೈಲಿಗೆ ಗಡಿಗೆ ಅರ್ಧವಾಯಿತು, ಬೆನ್ನು ಹಿಡಿಯಿತು. ಆಕೆ ಇಳಿದು ನಿಂತಳು.

“ಇದು ನೆಟ್ಟಗ ಹೋಗೂ ದಿನ ಹೇಳ್ರಿ, ಬರ್ತೀನಿ,” ಅಂದವಳೇ ಗಡಿಗೆ ಹಿಡಿದು ಹಿಂದಕ್ಕೆ ನಡೆದಳು.

ಶುರುವಾಯಿತು ನೋಡಿ ಕಾಕಾನ ಹುಚ್ಚು! ಗಾಲಿ ದಪ್ಪವಾದರೆ ಜಾಡಿನಲ್ಲಿ ವಾಲುವುದಿಲ್ಲ ಅಂತ ಬೆಳಗಾವಿಯ ಗುಜರಿಯಿಂದ ಮಿಲಿಟರಿ ಜೀಪಿನ ನಾಲ್ಕು ದಪ್ಪ ಗಾಲಿ ತಂದರು. ಬೋಲ್ಟಿನ ತೂತು ಹೊಂದಲಿಲ್ಲ, ಹೊಸದಾಗಿ ಕೊರೆಸಿದರು. ಗಾಲಿ ಕೂತವು, ಆದರೆ ಕಾರಿನ ಹೊಟ್ಟೆಯೊಳಗೆ ಹೊಕ್ಕು ಕೂತವು. ಎಡಕ್ಕೆ ತಿರುಗಿಸಿದರೆ ಟೈರು ಒಳಗೆ ಒಂದೇ ಮಗ್ಗುಲಿಗಿದ್ದ ಸಲಾಕೆಗೆ ಉಜ್ಜಿ ಕಾರು ಕಿರುಚಿಕೊಳ್ಳುತ್ತಿತ್ತು. ಊರ ಪ್ರದಕ್ಷಿಣೆ ಶುರುವಾದದ್ದು ಹೀಗೆ.

ಕೊನೆಗೆ ಮೂಡಲಗಿಯಲ್ಲಿ ಎತ್ತಿನ ಗಾಡಿ ಮಾಡುವ ಬಡಿಗೇರ ಅಜ್ಜನ ಮುಂದೆ ಕಾರು ನಿಲ್ಲಿಸಿದರು. ನಾನು ಆಗ ಸಾಲಿ ಮಾಸ್ತರ, ಬೇಸಿಗೆ ಸೂಟಿ ಅಂತ ಜೊತೆಗೆ ಹೋಗಿದ್ದೆ. ಅಜ್ಜ ಕಾರನ್ನು ನೋಡಲೇ ಇಲ್ಲ. ಒಂದು ಗಾಲಿ ಬಿಚ್ಚಿಸಿ, ಬೆರಳಿನಿಂದ ಅಳೆದು, ಊಟದ ತಾಟು ತರಿಸಿದ. ತಾಟನ್ನು ಗೋಡೆಗೆ ಒಮ್ಮೆ ತಳ ಹಚ್ಚಿ ಹಿಡಿದ, ಒಮ್ಮೆ ಬೋರಲು ಹಿಡಿದ.

“ಗಾಲಿ ದಪ್ಪ ಇದ್ದರ ಆಗಲಿಲ್ರಿ ಸಾವಕಾರ್ರ, ಎಲ್ಲಿ ನಿಲ್ಲತೈತಿ ಅನ್ನೂದು ನೋಡಬೇಕು. ಬೋಲ್ಟ್ ಹಾಕೂ ತಗಡು ನಟ್ಟನಡುವ ಇಲ್ಲ, ಹೊರಗಿನ ಅಂಚಿಗೆ ಐತಿ. ಅದಕ್ಕ ಗಾಲಿ ಒಳಗ ಹೊಕ್ಕೈತಿ. ತಿರುವಿ ಹಾಕ್ರಿ, ಹೊರಗ ಬರತೈತಿ.”

ಇಷ್ಟೇ! ತಿರುವಿ ಹಾಕಿದರೆ ಒಂದೊಂದು ಗಾಲಿ ನಾಲ್ಕು ಬೆರಳು ಹೊರಗೆ ಬಂತು. ಸಲಾಕೆಗೆ ತಾಗಲಿಲ್ಲ, ಜಾಡಿಗೆ ಅಳತೆ ಹಿಡಿದಂತೆ ಕೂತಿತು. ಆದರೆ ನಟ್ಟು ಕೂರುವ ತೂತಿನ ಇಳಿಜಾರು ಈಗ ಒಳಮಗ್ಗುಲಿಗೆ ಹೋಗಿ, ನಟ್ಟು ಸಡಿಲಾಗತೊಡಗಿದವು. ಲೇಥಿನವನಿಂದ ಈ ಮಗ್ಗುಲಿಗೂ ಇಳಿಜಾರು ಕೆತ್ತಿಸಿದರು. ಆಮೇಲೂ ನಂಬಿಕೆ ಬರಲಿಲ್ಲ. ಪ್ರತಿ ಊರಿನ ಅಗಸಿ ಬಾಗಿಲಲ್ಲಿ ಇಳಿದು ಮೊಣಕಾಲೂರಿ ನಾಲ್ಕೂ ಗಾಲಿಯ ನಟ್ಟು ಮುಟ್ಟಿ ನೋಡುತ್ತಿದ್ದರು, ಸಡಿಲ ಅನಿಸಿದರೆ ಪಾನಾ ಹಚ್ಚಿ ತಿರುವಿ ಬಿಗಿಯುತ್ತಿದ್ದರು. ಅಂಕಲಗಿಯಲ್ಲಿ ಒಬ್ಬ ಮುದುಕಿ ಇದು ಯಾವ ದೇವರೋ ಅಂತ ತಾನೂ ಗಾಲಿಗೆ ಕೈಮುಗಿದಳು.

ಇಷ್ಟಾದ ಮೇಲೆ ಕಾಕೂನನ್ನು ಕರೆದರೇ? ಎಲ್ಲಿ ಬಂತು! ಮೊದಲು ನನ್ನನ್ನು ಅವಳ ಜಾಗದಲ್ಲಿ ಕೂರಿಸಿ, ತೊಡೆಯ ಮೇಲೆ ತುಂಬಿದ ಮಜ್ಜಿಗೆ ಗಡಿಗೆ ಇಟ್ಟರು. ಹನಿ ಚೆಲ್ಲಿದರೆ ಕಾರು ನಿಲ್ಲಿಸಿ ನನ್ನನ್ನೇ ಬೈಯುವುದು, ಕುಲುಕು ತಗ್ಗಲಿ ಅಂತ ಟೈರಿನ ಗಾಳಿ ಒಂಚೂರು ಬಿಡುವುದು, ಮತ್ತೆ ಹೊರಡುವುದು. ಹದಿನೈದು ದಿನ ನನ್ನ ಧೋತರ ಹುಳಿ ನಾತ ಹೊಡೆಯಿತು. ಅಷ್ಟರಲ್ಲಿ ಮುಂಗಾರಿನ ಮಿರಗದ ಮೋಡ ಕಾಣಿಸಿಕೊಂಡವು. ಒಂದು ಮಳೆ ಬಿದ್ದರೆ ಮುಗಿಯಿತು, ಎರೆ ಹಾದಿ ನಾಲ್ಕು ತಿಂಗಳು ಬಂದ್. ಅತ್ತ ಘೋಡಗೇರಿಯ ಅವ್ವನ ಕಣ್ಣೂ ಕಿವಿಯೂ ಮಂದವಾಗುತ್ತ ಬಂದಿದ್ದವು.

ಆ ದಿನ ಮುಂಜಾನೆ ಕಾಕಾ ಅಡಿಗೆಮನೆಯ ಬಾಗಿಲಲ್ಲಿ ನಿಂತು, ಗೋಡೆಗೆ ಹೇಳಿದಂತೆ ಹೇಳಿದರು: “ನೆಟ್ಟಗ ಹೋಗತೈತಿ.”

ಕಾಕು ಗಡಿಗೆ ತುಂಬಿಕೊಂಡು ಬಂದು ಕೂತಳು. ದಾರಿಯುದ್ದಕ್ಕೂ ಅವಳ ಕಣ್ಣು ಗಡಿಗೆಯ ಮೇಲೆ, ಕಾಕಾನ ಕಣ್ಣು ಜಾಡಿನ ಮೇಲೆ. ಹಿಂದೆ ಕೂತ ನನಗೆ ಉಸಿರಾಡಲೂ ಹೆದರಿಕೆ.

ಘೋಡಗೇರಿಯಲ್ಲಿ ಅವ್ವ ಕಟ್ಟೆಯ ಮೇಲೆ ಕೂತಿದ್ದಳು. ಕಾಕು ಯಾರ ಕೈಯನ್ನೂ ಹಿಡಿಯದೆ ಇಳಿದು, ನೆಟ್ಟಗೆ ನಡೆದು ಹೋಗಿ, ಗಡಿಗೆಯನ್ನು ಅವ್ವನ ಕೈಗೆ ಕೊಟ್ಟಳು. ಮುದುಕಿ ಬೆರಳಾಡಿಸಿ ನೋಡಿದಳು. ಮಜ್ಜಿಗೆ ಕಂಠದತನಕ ಇತ್ತು.

“ಯಾರ ಗಾಡಿ ತಂಗೀ? ಒಂದ ಹನಿ ಚೆಲ್ಲಿಲ್ಲ. ಎತ್ತು ಭಾಳ ಚೊಲೋ ಇರಬೇಕು.”

ಕಾಕು ಅವ್ವನ ಕಿವಿಯ ಹತ್ತಿರ ಬಾಗಿದಳು. ಮಂದ ಕಿವಿಗೆ ಕೇಳಲೆಂದು ಗಟ್ಟಿಯಾಗಿಯೇ ಹೇಳಿದಳು, ಹೀಗಾಗಿ ಅಂಗಳಕ್ಕೆಲ್ಲ ಕೇಳಿಸಿತು.

“ಎತ್ತಿನ ಗಾಡಿ ಅಲ್ಲಬೇ. ನಿನ್ನ ಅಳಿಯಾರು ಮಾಡಿದ್ದು. ನನ್ನ ಬೆನ್ನಿನ ಸಲುವಾಗಿ.”

ನಾನು ತಿರುಗಿ ನೋಡಿದೆ. ಕಾಕಾ ಮೊಣಕಾಲೂರಿ, ನಮಗೆ ಬೆನ್ನು ಮಾಡಿ, ಎಡಗಾಲಿಯ ನಟ್ಟಿಗೆ ಪಾನಾ ಹಚ್ಚಿ ಕೂತಿದ್ದರು. ಬಹಳ ಹೊತ್ತು ಹಾಗೆಯೇ ಕೂತಿದ್ದರು. ಪಾನಾ ಮಾತ್ರ ತಿರುಗುತ್ತಿರಲಿಲ್ಲ.